ನಡೆದರೆ ಮೀನಖಂಡ ಹಿಡಿಯುತ್ತೆ, ನಿಂತರೆ ಬಿಡುತ್ತೆ: ಅಪ್ಪನ ಕಾಲಿಗೆ ಏನಾಗಿದೆ?

ನಿಪ್ಪಾಣಿ_ಮಗಳು:

ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲಿನ ಬಗ್ಗೆ ಕೇಳಬೇಕು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ 63 ವರ್ಷ. ನಮ್ಮದು ನಿಪ್ಪಾಣಿ ಹತ್ತಿರದ ಹಳ್ಳಿ. ನಮ್ಮ ಕಡೆ ಹೊಲದಲ್ಲೂ ತಂಬಾಕು, ಕೂಲಿ ಸಿಗುವುದೂ ತಂಬಾಕಿನ ವಖಾರಿಯಲ್ಲೇ. ಅಪ್ಪ ಹುಡುಗನಾಗಿದ್ದಾಗಿಂದ ಬೀಡಿ ಸೇದುತ್ತಾರೆ, ದಿನಕ್ಕೆ ಒಂದು ಕಟ್ಟು ಬೇಕೇ ಬೇಕು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷದ ಮೇಲಾಯಿತು. ಮಾತ್ರೆ ತಗೊಳ್ಳುತ್ತಾರೆ, ಪಥ್ಯ ಮಾತ್ರ ಅಷ್ಟಕ್ಕಷ್ಟೇ.

ಬೆಳಿಗ್ಗೆ ಡೇರಿಗೆ ಹಾಲು ಹಾಕಲು ನಡೆದೇ ಹೋಗುತ್ತಾರೆ. ಕಳೆದ ವರ್ಷ ಹಿಟ್ಟಿನ ಗಿರಣಿ ದಾಟಿದ ಮೇಲೆ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತೆ ಅನ್ನುತ್ತಿದ್ದರು. ಈಗ ಗಿರಣಿ ತನಕ ಹೋಗುವುದೇ ಇಲ್ಲ, ಅದಕ್ಕಿಂತ ಮುಂಚೆ ಹನುಮಪ್ಪನ ಗುಡಿ ಹತ್ತಿರವೇ ಶುರುವಾಗುತ್ತೆ. ಗುಡಿ ಕಟ್ಟೆಗೆ ಕೈಯೂರಿ ಸುಮ್ನೆ ನಿಲ್ಲುತ್ತಾರೆ. ಎರಡು ಮೂರು ನಿಮಿಷಕ್ಕೆ ನೋವು ಪೂರ್ತಿ ಇಳಿಯುತ್ತೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತೆ.

ಊರಿನ ಡಾಕ್ಟರ್ ನರದ ವೀಕ್‌ನೆಸ್ ಅಂತ ಬಿ12 ಇಂಜೆಕ್ಷನ್ ಕೋರ್ಸ್ ಕೊಟ್ಟರು. ಏನೂ ಬದಲಾಗಲಿಲ್ಲ. ವಾಯು ಅಂತ ಒಬ್ಬರು ಎಣ್ಣೆ ತಿಕ್ಕಿದರು. ಅಮ್ಮ ರಾತ್ರಿ ಬಿಸಿನೀರಿನ ಚೀಲ ಇಡುತ್ತಾರೆ. ಅಪ್ಪ ಮಾತ್ರ 'ವಯಸ್ಸಾಯ್ತು ಬಿಡವ್ವಾ' ಅಂತಾರೆ.

ನನಗೆ ಹೆದರಿಕೆ ಹುಟ್ಟಿದ್ದು ಯುಗಾದಿಗೆ ಊರಿಗೆ ಹೋದಾಗ. ಕಾಲಿಗೆ ನಮಸ್ಕಾರ ಮಾಡುವಾಗ ಎರಡೂ ಪಾದ ಒಟ್ಟಿಗೆ ಮುಟ್ಟಿದೆ. ಬಲಪಾದ ಬೆಚ್ಚಗಿತ್ತು, ಎಡಪಾದ ತಣ್ಣಗಿತ್ತು. ಆಮೇಲೆ ಕೂರಿಸಿ ಸರಿಯಾಗಿ ನೋಡಿದೆ. ಎಡಗಾಲಿನ ಕೂದಲೆಲ್ಲ ಉದುರಿ ಚರ್ಮ ನುಣ್ಣಗೆ ಹೊಳೆಯುತ್ತಿದೆ. ಉಗುರು ದಪ್ಪಗಾಗಿ ಹಳದಿಯಾಗಿದೆ.

ಇದು ನರದ್ದಾ, ಮೂಳೆಯದ್ದಾ, ಬೇರೆ ಏನಾದರೂನಾ? ಯಾವ ಡಾಕ್ಟರಿಗೆ ತೋರಿಸಬೇಕು? ನಡೆಸಬೇಕಾ, ನಡೆಸಬಾರದಾ? ನಾನು ಪುಣೆಯಲ್ಲಿದ್ದೇನೆ, ಊರಲ್ಲಿ ಅಮ್ಮ ಮತ್ತು ತಮ್ಮ ಇದ್ದಾರೆ.

ತುಂಗಾ_ತೀರ:

ಮೇಡಂ, ನಮ್ಮ ಅಮ್ಮನಿಗೂ ನಡೆದರೆ ಕಾಲು ನೋವು ಬರುತ್ತಿತ್ತು. ಎಂಆರ್‌ಐ ಮಾಡಿಸಿದಾಗ ಸೊಂಟದ ಹತ್ತಿರ ಬೆನ್ನುಮೂಳೆಯ ಒಳಗಿನ ಜಾಗ ಕಿರಿದಾಗಿ ನರ ಒತ್ತುತ್ತಿದೆ ಅಂತ ಗೊತ್ತಾಯಿತು. ಒಮ್ಮೆ ಬೆನ್ನು ತೋರಿಸಿ.

ಆದರೆ ಒಂದು ವ್ಯತ್ಯಾಸ ಇದೆ. ಅಮ್ಮನಿಗೆ ಸುಮ್ನೆ ನಿಂತರೆ ನೋವು ಹೋಗುತ್ತಿರಲಿಲ್ಲ, ಕೂರಬೇಕಿತ್ತು ಇಲ್ಲವೇ ಮುಂದಕ್ಕೆ ಬಾಗಬೇಕಿತ್ತು. ಒಂದು ದಿನ ಜಾಸ್ತಿ ದೂರ ಹೋಗುತ್ತಿದ್ದರು, ಒಂದು ದಿನ ಕಮ್ಮಿ. ನಿಮ್ಮ ತಂದೆಯವರಿಗೆ ಜಾಗ ಕೂಡ ಒಂದೇ, ನಿಂತರೂ ಸಾಕು ಅಂತೀರಿ. ಅದಕ್ಕೇ ನನಗೆ ಇದು ಬೇರೆ ಇರಬಹುದು ಅನ್ನಿಸುತ್ತಿದೆ. ತಿಳಿದವರು ಹೇಳಲಿ.

ವಾರ್ಡ್_ಅಕ್ಕ:

ತಂಗಿ, ನಾನು ರಕ್ತನಾಳದ ಸರ್ಜರಿ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಈಗ ನಿವೃತ್ತಿಯಾಗಿ ದಾವಣಗೆರೆಯಲ್ಲಿದ್ದೇನೆ. ನಿನ್ನ ಬರಹ ಓದುತ್ತಿದ್ದ ಹಾಗೇ ಎಷ್ಟೋ ಜನರ ಕಾಲು ನೆನಪಾಯಿತು. ಗುಡಿ, ಗಿರಣಿ ಅಂತ ಬರೆದಿದ್ದೀಯಲ್ಲ, ಅದು ಬಹಳ ಮುಖ್ಯ. ನಮ್ಮ ವಾರ್ಡಿಗೆ ಬಂದವರೂ ಮೀಟರ್ ಲೆಕ್ಕ ಹೇಳುತ್ತಿರಲಿಲ್ಲ. 'ಮೊದಲು ಬಸ್ ಸ್ಟ್ಯಾಂಡ್ ತನಕ ಹೋಗ್ತಿದ್ದೆ, ಈಗ ಪೋಸ್ಟಾಫೀಸ್ ತನಕ' ಅನ್ನುತ್ತಿದ್ದರು. ನಡೆಯುವ ದೂರ ಕಮ್ಮಿಯಾಗುತ್ತಾ ಬಂತು ಅಂದರೆ ಕಾಲಿನ ಅಪಧಮನಿ, ಅಂದರೆ ಹೃದಯದಿಂದ ರಕ್ತ ತರುವ ನಾಳ, ಕಿರಿದಾಗುತ್ತಾ ಬಂತು ಅಂತ ನಾವು ತಿಳಿಯುತ್ತಿದ್ದೆವು.

ನೋಡದೆ ಖಚಿತವಾಗಿ ಹೇಳಲು ಆಗಲ್ಲ. ಆದರೂ ನೀನು ಬರೆದದ್ದೆಲ್ಲ ಒಂದೇ ಕಡೆ ಬೊಟ್ಟು ಮಾಡುತ್ತಿದೆ. ಕಾಲಿಗೆ ರಕ್ತ ಸಾಲುತ್ತಿಲ್ಲ.

ಕೂತಿದ್ದಾಗ ಮೀನಖಂಡಕ್ಕೆ ಬೇಕಾದ ರಕ್ತ ಸ್ವಲ್ಪವೇ. ಕಿರಿದಾದ ನಾಳದಲ್ಲೂ ಅಷ್ಟು ಬಂದುಬಿಡುತ್ತೆ. ನಡೆಯಲು ಶುರು ಮಾಡಿದರೆ ಅದೇ ಸ್ನಾಯುವಿಗೆ ಅದರ ಹಲವು ಪಟ್ಟು ರಕ್ತ ಬೇಕು. ಆಗ ಸಾಲುವುದಿಲ್ಲ. ಆಮ್ಲಜನಕ ಇಲ್ಲದೆ ಸ್ನಾಯು ಹೇಗೋ ಕೆಲಸ ನಡೆಸುತ್ತೆ, ಲ್ಯಾಕ್ಟಿಕ್ ಆಮ್ಲದಂಥವು ಅಲ್ಲೇ ತುಂಬಿಕೊಳ್ಳುತ್ತವೆ, ಕಾಲು ಕಟ್ಟಿದ ಹಾಗೆ ಆಗುತ್ತೆ. ನಿಂತರೆ ಬೇಡಿಕೆ ಇಳಿಯುತ್ತೆ, ಬರುವ ರಕ್ತವೇ ಸಾಕಾಗುತ್ತೆ, ನೋವು ಹೋಗುತ್ತೆ. ನಮ್ಮ ಭದ್ರಾ ಕಾಲುವೆಯ ಕೊನೆ ಭಾಗದ ರೈತರನ್ನು ಕೇಳು. ಮೇಲೆ ಎಲ್ಲೋ ಹೂಳು ತುಂಬಿದರೆ ಒಣಗುವುದು ಅವರ ಗದ್ದೆ. ಇಲ್ಲೂ ಹಾಗೇ, ನೋವು ಇರುವ ಜಾಗದಲ್ಲಿ ಅಡ್ಡಿ ಇರುವುದಿಲ್ಲ, ಅದರ ಮೇಲೆ ಇರುತ್ತೆ. ಮೀನಖಂಡ ಹಿಡಿದರೆ ಸಾಮಾನ್ಯವಾಗಿ ತೊಡೆಯ ನಾಳದಲ್ಲಿ ಅಡ್ಡಿ. ಪಿರ್ರೆ, ತೊಡೆ ಹಿಡಿದರೆ ಇನ್ನೂ ಮೇಲೆ, ಹೊಟ್ಟೆಯ ಕೆಳಭಾಗದಲ್ಲಿ.

ಸಿಟ್ಟು ಬರುವ ವಿಷಯ ಒಂದಿದೆ, ಹೇಳಿಬಿಡುತ್ತೇನೆ. ಕಾಲುನೋವು ಅಂತ ಹೋದವರ ಚಪ್ಪಲಿ ಬಿಡಿಸಿ ಪಾದ ಮುಟ್ಟಿ ನೋಡುವವರು ಬಹಳ ಕಮ್ಮಿ. ಕೈ ಹಿಡಿದು ನಾಡಿ ನೋಡುತ್ತಾರೆ. ಕಾಲಿಗೂ ನಾಡಿ ಇದೆ! ಅದಕ್ಕೆ ಮಿಷನ್ ಬೇಡ, ದುಡ್ಡು ಬೇಡ, ಒಂದು ನಿಮಿಷ ಸಾಕು. ನಿನ್ನ ತಮ್ಮನಿಗೆ ಇವತ್ತೇ ಹೇಳು.

ಅಪ್ಪನನ್ನು ಮಲಗಿಸಲಿ. ಪಾದದ ಮೇಲ್ಭಾಗದಲ್ಲಿ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಿಂದ ಕಣಕಾಲಿನ ಕಡೆಗೆ ತನ್ನ ಎರಡು ಮೂರು ಬೆರಳು ಜಾರಿಸಿಕೊಂಡು ಬರಲಿ. ಪಾದದ ನಡುಮಧ್ಯ ಬಂದಾಗ ನಿಲ್ಲಿಸಿ, ಬೆರಳ ತುದಿ ಹಗುರವಾಗಿ ಇಟ್ಟು ಕಾಯಲಿ. ಜೋರಾಗಿ ಒತ್ತಿದರೆ ಇರುವ ನಾಡಿಯೂ ನಿಂತುಹೋಗುತ್ತೆ. ಹೆಬ್ಬೆರಳಲ್ಲಿ ನೋಡಬಾರದು, ತನ್ನ ನಾಡಿಯೇ ತನಗೆ ಸಿಕ್ಕಿ ಮೋಸವಾಗುತ್ತೆ. ಇನ್ನೊಂದು ಜಾಗ ಕಾಲಿನ ಒಳಬದಿಯ ಗಂಟುಮೂಳೆಯ ಹಿಂದೆ, ಸ್ವಲ್ಪ ಕೆಳಗೆ. ಕೆಲವರಿಗೆ ಹುಟ್ಟಿನಿಂದಲೇ ಪಾದದ ಮೇಲಿನ ನಾಡಿ ಸಿಗುವುದಿಲ್ಲ, ಅದಕ್ಕೇ ಎರಡೂ ಜಾಗ ನೋಡಬೇಕು. ಮೊದಲು ಬಲಗಾಲು, ಆಮೇಲೆ ಎಡಗಾಲು. ವ್ಯತ್ಯಾಸ ತಾನಾಗೇ ಗೊತ್ತಾಗುತ್ತೆ.

ಆಮೇಲೆ ಕಾಲು ಎತ್ತಿ ಹಿಡಿದು ಒಂದು ನಿಮಿಷ ನೋಡಲಿ. ಪಾದ ಬಿಳಿಚಿಕೊಂಡು, ಕೆಳಗೆ ಇಳಿಬಿಟ್ಟಾಗ ಕೆಂಪು-ನೇರಳೆ ಬಣ್ಣಕ್ಕೆ ತಿರುಗಿದರೆ ಅದೂ ರಕ್ತ ಕಮ್ಮಿ ಇರುವ ಗುರುತೇ.

ಆಸ್ಪತ್ರೆಯಲ್ಲಿ ಮೊದಲು ಮಾಡುವುದು ಎಬಿಐ. ಕೈಗೆ ಬಿಪಿ ಪಟ್ಟಿ ಕಟ್ಟುವ ಹಾಗೇ ಕಣಕಾಲಿಗೂ ಕಟ್ಟುತ್ತೇವೆ. ಪಾದಕ್ಕೆ ಜೆಲ್ ಹಚ್ಚಿ ಪೆನ್ನಿನಷ್ಟು ದಪ್ಪದ ಡಾಪ್ಲರ್ ಕಡ್ಡಿ ಓರೆಯಾಗಿ ಇಟ್ಟರೆ ರಕ್ತ ಓಡುವ ಶಬ್ದ ಕೇಳುತ್ತೆ. ಆರೋಗ್ಯವಂತರ ಕಾಲಲ್ಲಿ ಶುಂಯ್ ಶುಂಯ್ ಅಂತ ಗಡುಸಾಗಿ ಬಡಿಯುತ್ತೆ. ಅಡ್ಡಿ ಇರುವ ಕಾಲಲ್ಲಿ ಬಡಿತವೇ ಇಲ್ಲದೆ ಮೆತ್ತಗೆ ಹೂಊ ಅಂತ ಎಳೆಯುತ್ತೆ. ಒಮ್ಮೆ ಕೇಳಿದವರಿಗೆ ಆ ವ್ಯತ್ಯಾಸ ಮರೆಯುವುದಿಲ್ಲ. ಕಾಲಿನ ಬಿಪಿಯನ್ನು ಕೈ ಬಿಪಿಯಿಂದ ಭಾಗಿಸಿದರೆ ಬರುವುದೇ ಎಬಿಐ. ಕೈಯಲ್ಲಿ 140, ಕಾಲಲ್ಲಿ 70 ಬಂದರೆ 0.5. ಒಂದರ ಆಸುಪಾಸು ಅಥವಾ ಸ್ವಲ್ಪ ಜಾಸ್ತಿ ಇದ್ದರೆ ಸರಿ. 0.9 ಅಥವಾ ಅದಕ್ಕಿಂತ ಕಮ್ಮಿ ಅಂದರೆ ಕಾಲಿನ ರಕ್ತನಾಳದ ಕಾಯಿಲೆ. 0.4ಕ್ಕಿಂತ ಕೆಳಗೆ ಹೋದರೆ ಪರಿಸ್ಥಿತಿ ಗಂಭೀರ.

ಇಲ್ಲೇ ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆಗೆ ಸುಣ್ಣದ ಅಂಶ ಕೂತು ಗಟ್ಟಿಯಾಗಿರುತ್ತೆ. ಪಟ್ಟಿ ಒತ್ತಿದರೂ ನಾಳ ಮುಚ್ಚುವುದಿಲ್ಲ. ಎಬಿಐ 1.4, 1.5 ಅಂತ ಬಂದು ಎಲ್ಲ ಚೆನ್ನಾಗಿದೆ ಅನ್ನಿಸಿಬಿಡುತ್ತೆ. ಆಗ ಕಾಲಿನ ಹೆಬ್ಬೆರಳಿನ ಬಿಪಿ ನೋಡಬೇಕು, ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕು. ನಿಮ್ಮ ಅಪ್ಪನಿಗೆ ಸಕ್ಕರೆ ಇರುವುದರಿಂದ ಇದನ್ನು ಬರೆದಿಟ್ಟುಕೋ.

ಬಿಸಿನೀರಿನ ಚೀಲ ಇವತ್ತಿಂದಲೇ ನಿಲ್ಲಿಸಲು ಅಮ್ಮನಿಗೆ ಹೇಳು. ಪ್ರೀತಿಯಿಂದ ಇಡುತ್ತಾರೆ, ಗೊತ್ತು. ಆದರೆ ಸಕ್ಕರೆ ಕಾಯಿಲೆಯ ಪಾದಕ್ಕೆ ಸುಡುವುದೇ ಗೊತ್ತಾಗಲ್ಲ. ರಕ್ತ ಕಮ್ಮಿ ಇರುವ ಚರ್ಮದಲ್ಲಿ ಒಂದು ಬೊಬ್ಬೆ ಎದ್ದರೂ ಅದು ಮಾಯುವುದು ಕಷ್ಟ. ಬೆಚ್ಚಗೆ ಬೇಕಿದ್ದರೆ ಸಡಿಲವಾದ ಹತ್ತಿ ಕಾಲುಚೀಲ ಹಾಕಿ. ಆಣಿಗೆ ಬ್ಲೇಡ್ ಹಾಕುವುದು, ಆಣಿ ಪಟ್ಟಿ ಅಂಟಿಸುವುದು ಬೇಡ. ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬಾರದು. ವೆರಿಕೋಸ್ ವೇನ್‌ಗೆ ಕೊಡುವ ಬಿಗಿ ಸ್ಟಾಕಿಂಗ್ಸ್ ಕಾಲುನೋವಿಗೆ ಒಳ್ಳೆಯದು ಅಂತ ಯಾರಾದರೂ ತಂದುಕೊಡಬಹುದು. ಅಪಧಮನಿಯ ತೊಂದರೆ ಇರುವ ಕಾಲಿಗೆ ಅದು ಅಪಾಯ, ಇರುವ ರಕ್ತವನ್ನೂ ಅದು ತಡೆಯುತ್ತೆ.

ನಡೆಸಬೇಕಾ ಅಂತ ಕೇಳಿದೆ. ಗಾಯ ಇಲ್ಲದಿದ್ದರೆ, ಸುಮ್ನೆ ಇದ್ದಾಗ ನೋವು ಇಲ್ಲದಿದ್ದರೆ, ನಡಿಗೆಯೇ ದೊಡ್ಡ ಔಷಧಿ. ನೋವು ಸಾಕಷ್ಟು ಬರುವ ತನಕ ನಡೆಯುವುದು, ನಿಲ್ಲುವುದು, ಹೋದ ಮೇಲೆ ಮತ್ತೆ ನಡೆಯುವುದು. ಹೀಗೆ ಒಟ್ಟು ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನವಾದರೂ, ಮೂರು ತಿಂಗಳು. ದೊಡ್ಡ ನಾಳ ಮುಚ್ಚಿದರೆ ಅಕ್ಕಪಕ್ಕದ ಸಣ್ಣ ನಾಳಗಳು ಹಿಗ್ಗಿ ದಾರಿ ಮಾಡಿಕೊಳ್ಳುತ್ತವೆ. ಸ್ನಾಯು ಕೂಡ ಕಮ್ಮಿ ಆಮ್ಲಜನಕದಲ್ಲಿ ಕೆಲಸ ಮಾಡಲು ಪಳಗುತ್ತೆ. ಆದರೆ ಇದನ್ನು ಡಾಕ್ಟರ್ ನೋಡಿದ ಮೇಲೆ ಶುರು ಮಾಡಿ.

ಬೀಡಿಯ ಬಗ್ಗೆ ಬೇರೆ ಹೇಳಬೇಕಾ? ಏನು ಆಪರೇಷನ್ ಮಾಡಿದರೂ ಬೀಡಿ ಮುಂದುವರಿದರೆ ನಾಳ ಮತ್ತೆ ಮುಚ್ಚುತ್ತೆ. 1800-11-2356 ಅನ್ನುವ ಉಚಿತ ನಂಬರ್ ಇದೆ, ತಂಬಾಕು ಬಿಡಲು ಸಹಾಯ ಮಾಡುತ್ತಾರೆ. ಮಾತಾಡಿಸಿ.

ಒಂದು ವಿಷಯ ನೀನು ಬರೆದಿಲ್ಲ. ರಾತ್ರಿ ಅಪ್ಪ ಹೇಗೆ ಮಲಗುತ್ತಾರೆ? ಪಾದದಲ್ಲಿ ಎಲ್ಲಾದರೂ ಗಾಯ ಇದೆಯಾ, ಬೆರಳ ಸಂದಿಯಲ್ಲಿ, ಹಿಮ್ಮಡಿಯಲ್ಲಿ? ನೋಡಿ ಬರೆ.

ನಿಪ್ಪಾಣಿ_ಮಗಳು:

ಅಕ್ಕ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ. ತಮ್ಮನಿಗೆ ವಿಡಿಯೋ ಕಾಲ್ ಮಾಡಿ ಒಂದೊಂದೇ ಮಾಡಿಸಿದೆ. ಬಲಗಾಲಲ್ಲಿ ನಾಡಿ ಸಿಕ್ಕಿತು. ಎಡಗಾಲಲ್ಲಿ ಎರಡೂ ಕಡೆ ಸಿಗಲಿಲ್ಲ. ಅವನು ಮತ್ತೆ ಮತ್ತೆ ಬೆರಳು ಇಟ್ಟು ನೋಡಿದ. ಕಾಲು ಎತ್ತಿದರೆ ಪಾದ ಮೇಣದ ಬಣ್ಣಕ್ಕೆ ಬರುತ್ತೆ.

ರಾತ್ರಿ ವಿಷಯ ಅಮ್ಮನನ್ನು ಕೇಳಿದೆ. ಸುಮಾರು ದಿನದಿಂದ ಅಪ್ಪ ನಡುರಾತ್ರಿ ಎದ್ದು ಕೂರುತ್ತಾರಂತೆ, ಬೆರಳು ಉರಿಯುತ್ತೆ ಅಂತಾರಂತೆ. ಎಡಗಾಲು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ನಿದ್ದೆ ಬರುತ್ತೆ. ನನಗೆ ಯಾರೂ ಹೇಳಿರಲಿಲ್ಲ. ಕಿರುಬೆರಳ ಪಕ್ಕ ಚಪ್ಪಲಿ ತಾಗಿ ಆದ ಗಾಯ ಇದೆ, ನೋಡಲು ಚಿಕ್ಕದು. ಅಂಚು ಕಪ್ಪಗಾಗಿದೆ. ಅಮ್ಮ ಅರಿಶಿನ ಹಚ್ಚುತ್ತಿದ್ದಾರೆ. ಮುಂದಿನ ತಿಂಗಳು ನಾನು ರಜೆ ಹಾಕಿ ಬಂದ ಮೇಲೆ ಕರೆದುಕೊಂಡು ಹೋಗೋಣ ಅಂದುಕೊಂಡಿದ್ದೆವು.

ವಾರ್ಡ್_ಅಕ್ಕ:

ಮುಂದಿನ ತಿಂಗಳು ಬೇಡ ತಂಗಿ. ಈ ವಾರವೇ, ಸಾಧ್ಯವಾದರೆ ನಾಳೆಯೇ.

ಮಲಗಿದಾಗ ಪಾದ ಉರಿಯುವುದು, ಕೆಳಗೆ ಇಳಿಬಿಟ್ಟರೆ ಕಮ್ಮಿಯಾಗುವುದು ಅಂದರೆ ಸುಮ್ನೆ ಇದ್ದಾಗಲೂ ಪಾದಕ್ಕೆ ರಕ್ತ ಸಾಲುತ್ತಿಲ್ಲ ಅಂತ ಅರ್ಥ. ಮಲಗಿದಾಗ ಇಳಿಜಾರಿನ ಸಹಾಯ ಇರುವುದಿಲ್ಲ. ಕಾಲು ಕೆಳಗೆ ಬಿಟ್ಟರೆ ಭೂಮಿಯ ಸೆಳೆತಕ್ಕೆ ಸ್ವಲ್ಪ ರಕ್ತ ಇಳಿಯುತ್ತೆ. ಜೊತೆಗೆ ಮಾಯದ ಗಾಯ, ಕಪ್ಪು ಅಂಚು, ಸಕ್ಕರೆ. ಮಾಯಲು ಮಾಮೂಲಿಗಿಂತ ಜಾಸ್ತಿ ರಕ್ತ ಬೇಕು, ಇಲ್ಲಿ ಮಾಮೂಲಿ ರಕ್ತವೇ ಇಲ್ಲ. ಅರಿಶಿನ ಆಗಲಿ, ಯಾವುದೇ ಮುಲಾಮು ಆಗಲಿ, ರಕ್ತ ಹರಿಯದೆ ಕೆಲಸ ಮಾಡಲ್ಲ. ಈಗ ನಡಿಗೆಯೂ ಬೇಡ. ಗಾಯ ಒಣಗಿದ್ದರೆ ಒಣಗಿಯೇ ಇರಲಿ, ಶುಭ್ರವಾದ ಗಾಜ್ ಬಟ್ಟೆ ಸಡಿಲವಾಗಿ ಸುತ್ತಿ. ನೀರಲ್ಲಿ ನೆನೆಸಬೇಡಿ. ಯಾರಾದರೂ ಬೆರಳು ತೆಗೆದುಬಿಡೋಣ ಅಂದರೆ, ಮೊದಲು ರಕ್ತ ಎಷ್ಟು ಬರುತ್ತಿದೆ ಅಂತ ನೋಡಿ, ಆಮೇಲೆ ಕತ್ತರಿ ಹಿಡಿಯಿರಿ ಅಂತ ಕೇಳಿ. ರಕ್ತ ಇಲ್ಲದ ಕಾಲಲ್ಲಿ ಬೆರಳು ತೆಗೆದರೆ ಆ ಗಾಯವೂ ಮಾಯುವುದಿಲ್ಲ, ಮೇಲೆ ಮೇಲೆ ಕತ್ತರಿಸುತ್ತಾ ಹೋಗಬೇಕಾಗುತ್ತೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ತೋರಿಸಬೇಕಾದ್ದು ವಾಸ್ಕ್ಯುಲರ್ ಸರ್ಜನ್‌ಗೆ, ಅಂದರೆ ರಕ್ತನಾಳದ ಸರ್ಜನ್‌ಗೆ. ನಿಮಗೆ ಬೆಳಗಾವಿ ಹತ್ತಿರ, ಕೊಲ್ಹಾಪುರವೂ ಹತ್ತಿರವೇ. ಆದರೆ ಬಿಪಿಎಲ್ ಕಾರ್ಡ್ ಇದ್ದರೆ ಕರ್ನಾಟಕದ ಒಳಗೇ ಹೋಗುವುದು ಒಳ್ಳೆಯದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ಬರೆಸಿಕೊಳ್ಳಿ. ದೊಡ್ಡ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರನ್ನು ಮೊದಲು ಕಾಣಿ. ರೇಷನ್ ಕಾರ್ಡ್, ಆಧಾರ್, ಹಳೇ ರಿಪೋರ್ಟ್ ಎಲ್ಲ ಒಂದೇ ಚೀಲದಲ್ಲಿರಲಿ.

ಗಾಡಿ_ಹುಬ್ಬಳ್ಳಿ:

ನಾನು ಡಾಕ್ಟರ್ ಅಲ್ಲ, ಲಾರಿ ಓಡಿಸುತ್ತಿದ್ದವನು. ತಂಬಾಕಿನ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಪ್ಪಾವರಿಗೆ ಯಾರಾದರೂ ಓದಿ ಹೇಳಿ.

ನನಗೆ ಬಂದಾಗ 34 ವರ್ಷ. ಸಕ್ಕರೆ ಇಲ್ಲ, ಬಿಪಿ ಇಲ್ಲ. ರಾತ್ರಿ ಗಾಡಿಗೆ ನಿದ್ದೆ ಬರಬಾರದು ಅಂತ ಬೀಡಿ ಮೇಲೆ ಬೀಡಿ. ಮೊದಲು ಪಾದದ ಅಡಿ ಹಿಡಿಯುತ್ತಿತ್ತು, ಕ್ಲಚ್ ಒತ್ತಿ ಒತ್ತಿ ಹಾಗಾಯಿತು ಅಂದರು ಎಲ್ಲರೂ. ಚಳಿಗಾಲದಲ್ಲಿ ಕೈಬೆರಳು ಬೆಳ್ಳಗಾಗಿ ಜೋಮು ಹಿಡಿಯುತ್ತಿತ್ತು. ಆಮೇಲೆ ಬಲಗಾಲಿನ ಎರಡನೇ ಬೆರಳ ತುದಿ ಕಪ್ಪಗಾಯಿತು. ಆ ನೋವು ಹೇಳಲು ಬರಲ್ಲ. ಮನೆಯವರೆಲ್ಲ ಮಲಗಿರುವಾಗ ಕಾಲು ಹಿಡಿದುಕೊಂಡು ಬೆಳಗು ಮಾಡಿದವನು ನಾನು.

ದೊಡ್ಡ ಆಸ್ಪತ್ರೆಯಲ್ಲಿ ಬರ್ಗರ್ ಕಾಯಿಲೆ ಅಂದರು. ನಾಳದಲ್ಲಿ ಕೊಬ್ಬು ಕೂರುವುದಲ್ಲ, ಸಣ್ಣ ನಾಳಗಳಿಗೇ ಉರಿಯೂತ ಬಂದು ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುವುದು. ಬರುವುದು ತಂಬಾಕು ಬಳಸುವವರಿಗೆ, ಅದರಲ್ಲೂ ಹರೆಯದ ಗಂಡಸರಿಗೆ ಜಾಸ್ತಿ. ಸಣ್ಣ ನಾಳಗಳಾದ್ದರಿಂದ ಬೈಪಾಸ್ ಮಾಡಲು ಅಲ್ಲಿ ಜಾಗವೇ ಇರುವುದಿಲ್ಲ ಅಂತ ಸರ್ಜನ್ ಆಂಜಿಯೋಗ್ರಾಂ, ಅಂದರೆ ನಾಳಕ್ಕೆ ಡೈ ಬಿಟ್ಟು ತೆಗೆದ ಎಕ್ಸ್‌ರೇ ಚಿತ್ರ, ತೋರಿಸಿ ಹೇಳಿದರು. ಚಿತ್ರದಲ್ಲಿ ಮೊಣಕಾಲಿನ ತನಕ ನಾಳ ಚೆನ್ನಾಗಿತ್ತು, ಕೆಳಗೆ ತುಂಡು ತುಂಡು.

ಅವರು ಹೇಳಿದ ಮಾತು ಇದು. ಕಮ್ಮಿ ಮಾಡುವುದಲ್ಲ, ಪೂರ್ತಿ ಬಿಡಬೇಕು. ದಿನಕ್ಕೆ ಒಂದು ಸೇದಿದರೂ ಕಾಯಿಲೆ ಮುಂದುವರಿಯುತ್ತೆ. ಗುಟ್ಕಾ, ಜರ್ದಾ ಕೂಡ ಲೆಕ್ಕಕ್ಕೆ ಬರುತ್ತೆ. ಈ ಕಾಯಿಲೆಯಲ್ಲಿ ನಿಕೋಟಿನ್ ಇರುವ ಚೂಯಿಂಗ್ ಗಮ್ ಕೂಡ ಬೇಡ ಅಂದರು. ಒಂದು ಬೆರಳು ಹೋಯಿತು. ಆಮೇಲೆ ತಂಬಾಕು ಮುಟ್ಟಿಲ್ಲ. ಗಾಯ ನಿಧಾನಕ್ಕೆ ಮಾಯಿತು, ಕಾಲು ಉಳಿಯಿತು. ನನ್ನ ಪಕ್ಕದ ಬೆಡ್ಡಿನಲ್ಲಿದ್ದವನು ನನಗಿಂತ ಚಿಕ್ಕವನು. ಬಾತ್‌ರೂಮಿಗೆ ಹೋಗಿ ಸೇದಿ ಬರುತ್ತಿದ್ದ. ಅವನಿಗೆ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಬಿಡುವುದು ಕಷ್ಟ ಅಪ್ಪಾವರೇ, ನಾನು ಸುಲಭ ಅನ್ನಲ್ಲ. ಊಟ ಆದ ಮೇಲೆ ಕೈ ತಾನಾಗೇ ಜೇಬಿಗೆ ಹೋಗುತ್ತೆ. ನಾನು ಬಡೇಸೋಪು ಇಟ್ಟುಕೊಂಡೆ. ಸೇದುವವರ ಜೊತೆ ಚಹಾಕ್ಕೆ ಹೋಗುವುದು ಬಿಟ್ಟೆ. ಮೊದಲ ವಾರ ತಲೆ ಕೆಟ್ಟಿತು, ಆಮೇಲೆ ತಡೆಯಬಹುದು.

ತಾಲ್ಲೂಕು_ಫಿಜಿಷಿಯನ್:

ವಾರ್ಡ್ ಅಕ್ಕ ಹೇಳಿದ್ದೆಲ್ಲ ಸರಿ. ಎರಡು ಮಾತು ಸೇರಿಸುತ್ತೇನೆ.

ಒಂದು, ಗಾಡಿ ಅಣ್ಣ ಹೇಳಿದ ಬರ್ಗರ್ ಕಾಯಿಲೆ ಬೇರೆ. ಲಿಯೋ ಬರ್ಗರ್ ಅನ್ನುವ ವೈದ್ಯರು 1908ರಲ್ಲಿ ನ್ಯೂಯಾರ್ಕ್‌ನಲ್ಲಿ, ಕತ್ತರಿಸಿ ತೆಗೆದ ಕಾಲುಗಳನ್ನು ಪರೀಕ್ಷಿಸಿ ಅದನ್ನು ವಿವರಿಸಿದರು. ಈ ತಂದೆಯವರ ವಯಸ್ಸು, ಸಕ್ಕರೆ ನೋಡಿದರೆ ಇವರದ್ದು ಕೊಬ್ಬು ಕೂತು ನಾಳ ಕಿರಿದಾಗುವ ಬಗೆಯದ್ದೇ ಇರಬೇಕು. ಇವರಂಥವರಿಗೆ ಬೀಡಿ ಬಿಡಲು ನಿಕೋಟಿನ್ ಗಮ್ ಸಹಾಯ ಬೇಕಾದರೆ ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು. ಮತ್ತೆ, ಕಾಲಿನ ನಾಳದಲ್ಲಿ ಕೂತ ಕೊಬ್ಬು ಕಾಲಿಗಷ್ಟೇ ಸೀಮಿತ ಅಲ್ಲ. ಇಂಥವರಿಗೆ ಹೃದಯಾಘಾತ, ಲಕ್ವ ಆಗುವ ಸಂಭವವೂ ಜಾಸ್ತಿ. ಅದಕ್ಕೇ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್ ಕೊಡುತ್ತಾರೆ. ಕೊಲೆಸ್ಟ್ರಾಲ್ ನಾರ್ಮಲ್ ಬಂತು ಅಂತ ಸ್ಟಾಟಿನ್ ನಿಲ್ಲಿಸಬೇಡಿ. ನಡಿಗೆಯ ದೂರ ಹೆಚ್ಚಿಸಲು ಸಿಲೊಸ್ಟಜಾಲ್ ಅನ್ನುವ ಮಾತ್ರೆ ಇದೆ. ಹಾರ್ಟ್ ಫೇಲ್ಯೂರ್ ಇರುವವರಿಗೆ ಅದು ಕೂಡದು, ಅಂಗಡಿಯಲ್ಲಿ ಕೇಳಿ ತಂದು ನುಂಗುವುದಲ್ಲ.

ಎರಡನೆಯದು ಇದನ್ನು ಓದುತ್ತಿರುವ ಎಲ್ಲರಿಗೂ. ಇಲ್ಲಿ ಹೇಳಿದ್ದು ನಿಧಾನಕ್ಕೆ ಆಗುವ ತೊಂದರೆ. ಒಮ್ಮೆಲೇ ಆಗುವುದೂ ಇದೆ. ಚೆನ್ನಾಗಿದ್ದ ಕಾಲು ಇದ್ದಕ್ಕಿದ್ದ ಹಾಗೆ ವಿಪರೀತ ನೋಯುತ್ತೆ, ಬಿಳಿಚುತ್ತೆ, ತಣ್ಣಗಾಗುತ್ತೆ, ನಾಡಿ ಸಿಗಲ್ಲ. ಆಮೇಲೆ ಸ್ಪರ್ಶ ಹೋಗುತ್ತೆ, ಬೆರಳು ಆಡಿಸಲು ಬರಲ್ಲ. ಹೃದಯ ಅಡ್ಡಾದಿಡ್ಡಿ ಬಡಿಯುವವರಲ್ಲಿ ಅಲ್ಲೇ ಹೆಪ್ಪುಗಟ್ಟಿದ ರಕ್ತ ಜಾರಿ ಬಂದು ಕಾಲಿನ ನಾಳಕ್ಕೆ ಸಿಕ್ಕಿಕೊಂಡಾಗ ಹೀಗಾಗುತ್ತೆ. ಅಕ್ಕಪಕ್ಕದ ನಾಳಗಳು ಹಿಗ್ಗಲು ಸಮಯವೇ ಸಿಕ್ಕಿರುವುದಿಲ್ಲ. ಮಿದುಳು ರಕ್ತವಿಲ್ಲದೆ ಕೆಲವೇ ನಿಮಿಷ ತಡೆಯುತ್ತೆ, ಕಾಲಿನ ಸ್ನಾಯು ಸುಮಾರು ಆರು ಗಂಟೆ. ಅಷ್ಟರೊಳಗೆ ಆಪರೇಷನ್ ಟೇಬಲ್ ಮೇಲಿರಬೇಕು. ನಮ್ಮ ತಾಲ್ಲೂಕಿನಿಂದ ದೊಡ್ಡ ಊರು ಮುಟ್ಟಲು ಎರಡು ಗಂಟೆ ಹಿಡಿಯುತ್ತೆ. ರಾತ್ರಿ ಶುರುವಾದ ನೋವಿಗೆ ಬೆಳಿಗ್ಗೆ ತನಕ ಅಮೃತಾಂಜನ ತಿಕ್ಕಿಕೊಂಡು ಕೂತರೆ ಆ ಆರು ಗಂಟೆ ಮನೆಯಲ್ಲೇ ಕಳೆದುಹೋಗುತ್ತೆ. 108ಕ್ಕೆ ಫೋನ್ ಮಾಡಿ ಹೊರಡಿ. ತಿಕ್ಕಬೇಡಿ, ಕಾಯಿಸಬೇಡಿ, ಕಾಲು ಎತ್ತರಕ್ಕೆ ಇಡಬೇಡಿ.

ಹೆಪ್ಪುಗಟ್ಟಿದ್ದನ್ನು ತೆಗೆಯಲು ತುದಿಯಲ್ಲಿ ಬಲೂನ್ ಇರುವ ಸಣ್ಣ ಕೊಳವೆ ಬಳಸುತ್ತಾರೆ. ಮುಚ್ಚಿದ ಜಾಗ ದಾಟಿಸಿ, ಬಲೂನ್ ಉಬ್ಬಿಸಿ, ಹಿಂದಕ್ಕೆ ಎಳೆದರೆ ಹೆಪ್ಪು ಹೊರಗೆ ಬರುತ್ತೆ. ಅಮೆರಿಕದ ಥಾಮಸ್ ಫೋಗಾರ್ಟಿ 1960ರ ದಶಕದ ಆರಂಭದಲ್ಲಿ ಇದನ್ನು ಬಳಕೆಗೆ ತಂದರು. ಮೊದಲು ಮಾಡಿದಾಗ ಆಪರೇಷನ್ ಗ್ಲೌಸಿನ ಬೆರಳ ತುದಿ ಕತ್ತರಿಸಿ, ಮೀನಿನ ಗಾಳಕ್ಕೆ ನೂಲು ಸುತ್ತಿ ಕಟ್ಟುವ ರೀತಿಯಲ್ಲಿ ಕೊಳವೆಗೆ ಕಟ್ಟಿದ್ದರಂತೆ. ಅದಕ್ಕೆ ಮುಂಚೆ ಕಾಲಿನ ಉದ್ದಕ್ಕೂ ಕೊಯ್ಯಬೇಕಿತ್ತು.

ತಡವಾಗಿ ಬಂದವರಲ್ಲಿ ರಕ್ತ ಮತ್ತೆ ಹರಿಸಿದರೂ ಕಷ್ಟ ಮುಗಿಯುವುದಿಲ್ಲ. ಸತ್ತ ಸ್ನಾಯುವಿನಿಂದ ಪೊಟ್ಯಾಸಿಯಂ, ಮಯೋಗ್ಲೋಬಿನ್ ಅನ್ನುವ ಸ್ನಾಯುವಿನ ಪ್ರೋಟೀನ್ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತವೆ. ಹೃದಯದ ಬಡಿತ ಕೆಡಬಹುದು, ಕಿಡ್ನಿ ಕೈಕೊಡಬಹುದು. ಊದಿದ ಸ್ನಾಯುವಿಗೆ ಜಾಗ ಮಾಡಿಕೊಡಲು ಮೀನಖಂಡದ ಪೊರೆಯನ್ನೇ ಸೀಳಬೇಕಾಗುತ್ತೆ. ಕಾಲು ಉಳಿಸಲು ಹೋಗಿ ಜೀವ ಹೋದದ್ದೂ ಇದೆ. ದಯವಿಟ್ಟು ಬೇಗ ಬನ್ನಿ.

ನಿಪ್ಪಾಣಿ_ಮಗಳು:

ಎಲ್ಲರಿಗೂ ವಿಷಯ ತಿಳಿಸಬೇಕು ಅಂತ ಆಸ್ಪತ್ರೆಯಿಂದಲೇ ಬರೆಯುತ್ತಿದ್ದೇನೆ. ನಾನು ಪುಣೆಯಿಂದ ರಾತ್ರಿ ಬಸ್ಸಿಗೆ ಬಂದೆ, ತಮ್ಮ ಅಪ್ಪನನ್ನು ಬೆಳಗಾವಿಗೆ ಕರೆದುಕೊಂಡು ಬಂದ. ಎಬಿಐ ಎಡಗಾಲು 0.38, ಬಲಗಾಲು 0.86. ಬಲಗಾಲೂ ಪೂರ್ತಿ ಸರಿ ಇಲ್ಲ ಅಂತ ಈಗ ಗೊತ್ತಾಯಿತು. ಡಾಪ್ಲರ್ ಸ್ಕ್ಯಾನ್‌ನಲ್ಲಿ ಎಡತೊಡೆಯ ನಾಳ ಒಂದು ಕಡೆ ಪೂರ್ತಿ ಮುಚ್ಚಿದೆ. ನಾಡಿದ್ದು ಆಂಜಿಯೋಗ್ರಾಂ, ಸಾಧ್ಯವಾದರೆ ಅಲ್ಲೇ ಬಲೂನ್ ಹಾಕಿ ತೆರೆಯುತ್ತಾರೆ. ಆಗದಿದ್ದರೆ ಕಾಲಿನದೇ ರಕ್ತನಾಳ ತೆಗೆದು ಬೈಪಾಸ್. ರೆಫರಲ್ ಚೀಟಿ ಇದ್ದದ್ದರಿಂದ ಆರೋಗ್ಯ ಮಿತ್ರರು ಕಾಗದ ಮುಗಿಸಿಕೊಟ್ಟರು.

ಗಾಡಿ ಅಣ್ಣ, ನೀವು ಬರೆದದ್ದನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸಂಜೆ ತಮ್ಮನ ಹತ್ತಿರ ಬಡೇಸೋಪು ತರಿಸಿಕೊಂಡರು.

ಅಕ್ಕ, ಆಂಜಿಯೋಗ್ರಾಂಗೆ ಮುಂಚೆ ನಾವು ಕೇಳಬೇಕಾದ್ದು ಏನಾದರೂ ಇದೆಯಾ?

ವಾರ್ಡ್_ಅಕ್ಕ:

ಒಳ್ಳೆಯ ಕೆಲಸ ಮಾಡಿದಿರಿ. ಮೊದಲು ಕಿಡ್ನಿ ಹೇಗಿದೆ ಅಂತ ಕೇಳು, ಕ್ರಿಯಾಟಿನಿನ್ ಎಷ್ಟು ಬಂತು ಅಂತ. ನಾಳಕ್ಕೆ ಬಿಡುವ ಡೈ ಕಿಡ್ನಿಗೆ ಭಾರ ಆಗಬಹುದು. ಅಪ್ಪ ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಿ, ನಿಲ್ಲಿಸಬೇಕಾ ಅಂತ ಅವರೇ ತಿಳಿಸುತ್ತಾರೆ. ಹಿಂದೆ ಯಾವುದಾದರೂ ಡೈ ಇಂಜೆಕ್ಷನ್‌ಗೆ ಮೈ ಕೆರೆದಿದ್ದರೆ ಅದನ್ನೂ ಹೇಳಿ.

ಆದ ಮೇಲೆ ತೊಡೆಸಂದಿಯಲ್ಲಿ ಸೂಜಿ ಹಾಕಿದ ಕಡೆ ಊತ, ರಕ್ತ ಕಂಡರೆ ತಕ್ಷಣ ಸಿಸ್ಟರ್‌ನ ಕರೆಯಿರಿ. ಹೇಳಿದಷ್ಟು ಹೊತ್ತು ಕಾಲು ಮಡಚಬಾರದು. ಬಾತ್‌ರೂಮಿಗೆ ಅಂತ ಎದ್ದುಬಿಡುತ್ತಾರೆ ಗಂಡಸರು, ತಮ್ಮ ಪಕ್ಕದಲ್ಲೇ ಇರಲಿ. ನಾಳ ತೆರೆದ ಮೇಲೆ ಪಾದದ ನಾಡಿ ಎಲ್ಲಿ ಸಿಗುತ್ತೆ ಅಂತ ಸಿಸ್ಟರ್‌ಗೆ ಕೇಳಿ ಪೆನ್ನಲ್ಲಿ ಗುರುತು ಹಾಕಿಸಿಕೊಳ್ಳಿ. ಮನೆಗೆ ಹೋದ ಮೇಲೆ ದಿನಾ ಅಲ್ಲೇ ಮುಟ್ಟಿ ನೋಡುವುದು ತಮ್ಮನ ಕೆಲಸ. ಸಿಗದಿದ್ದರೆ, ಪಾದ ತಣ್ಣಗಾದರೆ ಅವತ್ತೇ ವಾಪಸ್ ಕರೆದುಕೊಂಡು ಬನ್ನಿ. ಬಲಗಾಲನ್ನೂ ದಿನಾ ನೋಡಿ.

ಡಿಸ್ಚಾರ್ಜ್ ಆಗುವ ಮುಂಚೆ ಎಂಸಿಆರ್ ಚಪ್ಪಲಿಗೆ, ಅಂದರೆ ಸಕ್ಕರೆ ಕಾಯಿಲೆಯವರ ಪಾದಕ್ಕೆ ಮಾಡುವ ಮೆತ್ತನೆಯ ರಬ್ಬರ್ ಚಪ್ಪಲಿಗೆ, ಪಾದದ ಅಳತೆ ಕೊಟ್ಟು ಬನ್ನಿ. ಕಿರುಬೆರಳಿಗೆ ತಾಗಿದ ಆ ಹಳೇ ಚಪ್ಪಲಿ ಮತ್ತೆ ಹಾಕಿಕೊಳ್ಳುವುದು ಬೇಡ.